ಹಿಮಾ: ಕಾಯ್ದಿಟ್ಟ ಹಸಿರು ಮತ್ತು ಕಾವಲಿನ ಹೊಣೆ

ಅರಬ್ಬೀ ಭಾಷೆಯಲ್ಲಿ ‘ಹಿಮಾ’ ಎಂಬ ಪುಟ್ಟ ಪದವೊಂದಿದೆ. ಕಾಯುವುದು, ರಕ್ಷಿಸುವುದು, ಅನ್ಯರು ಪ್ರವೇಶಿಸದಂತೆ ತಡೆಯುವುದು ಎಂಬುದು ಅದರ ಮೂಲಾರ್ಥ. ಮಳೆ ಅಪರೂಪವಾದ ಮರಳುನಾಡಿನಲ್ಲಿ ಹುಲ್ಲು ಚಿಗುರುವ ಕಣಿವೆಯನ್ನೋ ಮರಗಳಿರುವ ಬೆಟ್ಟದ ಇಳಿಜಾರನ್ನೋ ಮೀಸಲಾಗಿಟ್ಟು, ಅಲ್ಲಿ ಮೇಯಿಸುವುದಕ್ಕೂ ಕಡಿಯುವುದಕ್ಕೂ ಮಿತಿ ಹಾಕಿದರೆ ಅದು ಹಿಮಾ. ನಮ್ಮ ಹಳ್ಳಿಗಳ ಗೋಮಾಳವನ್ನೂ ಮೀಸಲು ಅರಣ್ಯವನ್ನೂ ಒಟ್ಟಿಗೆ ನೆನೆದರೆ ಅದರ ಸ್ಥೂಲ ಕಲ್ಪನೆ ದೊರೆಯುತ್ತದೆ.

ಇಂದು ಜಗತ್ತಿನೆಲ್ಲೆಡೆ ಸಂರಕ್ಷಿತ ಅರಣ್ಯಗಳ ಚರ್ಚೆ ನಡೆಯುತ್ತಿದೆ. ಎಲ್ಲಿ ಕಾಡು ಅಳಿಯಿತು, ಎಲ್ಲಿ ಮರಳಿ ಚಿಗುರಿತು ಎಂಬುದನ್ನು ಉಪಗ್ರಹಗಳು ಆಕಾಶದಿಂದ ಅಳೆಯುತ್ತಿವೆ. ಇದು ಇಪ್ಪತ್ತನೆಯ ಶತಮಾನದ ಚಿಂತನೆ ಎಂದು ನಮ್ಮ ಮಕ್ಕಳು ಪಠ್ಯಪುಸ್ತಕಗಳಲ್ಲಿ ಓದುತ್ತಾರೆ. ಆದರೆ ಭೂಮಿಯ ಒಂದು ತುಣುಕನ್ನು ಎಲ್ಲರ ಹಿತಕ್ಕಾಗಿ ಕಾಯ್ದಿಡುವುದು, ಅದಕ್ಕೊಬ್ಬ ಕಾವಲುಗಾರನನ್ನು ನೇಮಿಸುವುದು, ಆ ಕಾವಲು ಬಡವನ ಮೇಲಿನ ದಬ್ಬಾಳಿಕೆಯಾಗದಂತೆ ಎಚ್ಚರ ವಹಿಸುವುದು, ಈ ಮೂರೂ ಹದಿನಾಲ್ಕು ಶತಮಾನಗಳ ಹಿಂದೆಯೇ ಮದೀನಾದಲ್ಲಿ ಒಂದು ವ್ಯವಸ್ಥೆಯಾಗಿ ರೂಪುಗೊಂಡಿದ್ದವು. ಆ ವ್ಯವಸ್ಥೆ ಹೇಗೆ ಹುಟ್ಟಿತು, ಹೇಗೆ ಬಾಳಿತು, ನಮ್ಮ ಕಾಲದಲ್ಲಿ ಹೇಗೆ ಕುಸಿಯಿತು, ಮತ್ತೆ ಹೇಗೆ ಚಿಗುರುತ್ತಿದೆ ಎಂಬುದನ್ನು ಅರಿಯುವುದು ನಮ್ಮ ಪಾಲಿಗೆ ಕೇವಲ ಹೆಮ್ಮೆಯ ವಿಷಯವಾಗಬಾರದು, ಅದೊಂದು ಪಾಠವೂ ಆಗಬೇಕು.

ನಾಯಿಯ ಬೊಗಳಿಕೆಯಿಂದ ಅಳೆದ ನೆಲ

ಹಿಮಾ ಎಂಬುದು ಇಸ್ಲಾಮಿಗೂ ಮುಂಚೆ ಅರಬರಲ್ಲಿ ಇತ್ತು. ಆದರೆ ಅಂದು ಅದು ಬಲಶಾಲಿಯ ಸೊತ್ತಾಗಿತ್ತು. ಪಂಗಡದ ನಾಯಕನು ಎತ್ತರದ ಜಾಗವೊಂದರಲ್ಲಿ ತನ್ನ ನಾಯಿಯನ್ನು ಬೊಗಳಿಸುತ್ತಿದ್ದನಂತೆ. ಅದರ ಸದ್ದು ಎಲ್ಲಿಯವರೆಗೆ ಕೇಳಿಸುತ್ತಿತ್ತೋ ಅಲ್ಲಿಯವರೆಗಿನ ಹುಲ್ಲುಗಾವಲು ಅವನೊಬ್ಬನಿಗೆ ಮೀಸಲಾಗುತ್ತಿತ್ತು. ಆ ವಲಯದೊಳಗೆ ಬೇರೆ ಯಾರ ಜಾನುವಾರೂ ಕಾಲಿಡುವಂತಿರಲಿಲ್ಲ. ಅವನು ಮಾತ್ರ ಹೊರಗಿನ ಬಯಲಿನಲ್ಲಿ ಇತರರ ಜೊತೆ ಸಮಾನವಾಗಿ ಮೇಯಿಸಬಹುದಿತ್ತು. ತನ್ನದು ತನಗೇ, ಎಲ್ಲರದೂ ತನಗೇ ಎಂಬ ಈ ನೀತಿಯನ್ನು ಇಮಾಮ್ ಶಾಫಿಈ(ರಹ್)ಯವರಂತಹ ವಿದ್ವಾಂಸರು ವಿವರಿಸಿದ್ದಾರೆ.

ಇದರ ಪರಿಣಾಮ ಎಷ್ಟು ಘೋರವಾಗಿತ್ತೆಂಬುದಕ್ಕೆ ಬಸೂಸ್ ಯುದ್ಧದ ಕಥೆ ಸಾಕು. ತಗ್ಲಿಬ್ ಗೋತ್ರದ ಕುಲೈಬ್ ಎಂಬ ನಾಯಕನ ಹಿಮಾದೊಳಗೆ ಬಸೂಸ್ ಎಂಬ ಮಹಿಳೆಯ ಆಶ್ರಯದಲ್ಲಿದ್ದ ಹೆಣ್ಣೊಂಟೆಯೊಂದು ನುಗ್ಗಿತು. ಕುಲೈಬ್ ಅದರ ಕೆಚ್ಚಲಿಗೆ ಬಾಣ ಹೊಡೆದನು. ಆಕೆಯ ಬಂಧುವಾದ ಜಸ್ಸಾಸ್ ಸೇಡು ತೀರಿಸಲು ಕುಲೈಬ್‌ನನ್ನೇ ಕೊಂದನು. ಅಲ್ಲಿಂದ ತಗ್ಲಿಬ್ ಮತ್ತು ಬಕ್ರ್ ಎಂಬ ಸೋದರ ಗೋತ್ರಗಳ ನಡುವೆ ಹೊತ್ತಿಕೊಂಡ ಯುದ್ಧವು ನಲವತ್ತು ವರ್ಷ ನಡೆಯಿತೆಂದು ಅರಬ್ಬೀ ಪರಂಪರೆ ಹೇಳುತ್ತದೆ. ನ್ಯಾಯವಿಲ್ಲದ ಮೀಸಲು ಹುಲ್ಲನ್ನೂ ಉಳಿಸಲಿಲ್ಲ, ಮನುಷ್ಯರನ್ನೂ ಉಳಿಸಲಿಲ್ಲ.

ಮದೀನಾದ ಕಪ್ಪುಕಲ್ಲಿನ ಬಯಲುಗಳ ನಡುವೆ

ಪ್ರವಾದಿ ಮುಹಮ್ಮದ್(ಸ)ರು ಈ ಪದ್ಧತಿಯನ್ನು ಅಳಿಸಿಹಾಕಲಿಲ್ಲ. ಅದರ ಒಡೆತನವನ್ನು ಬದಲಿಸಿದರು. ಹಿಮಾ ಎಂಬುದು ಅಲ್ಲಾಹನಿಗೂ ಅವನ ಸಂದೇಶವಾಹಕರಿಗೂ ಮಾತ್ರ ಸೇರಿದ್ದು ಎಂಬ ಆಶಯದ ಪ್ರವಾದಿ ವಚನವನ್ನು ಸಅಬ್ ಬಿನ್ ಜಸ್ಸಾಮ(ರ)ರು ವರದಿ ಮಾಡಿದ್ದು, ಅದು ಸಹೀಹ್ ಬುಖಾರಿಯಲ್ಲಿದೆ. ಅಂದರೆ ಯಾವ ನಾಯಕನೂ ಸ್ವಂತಕ್ಕಾಗಿ ನೆಲವನ್ನು ಮೀಸಲಿಡುವಂತಿಲ್ಲ. ಮೀಸಲಿಡುವುದಿದ್ದರೆ ಅದು ಸಮುದಾಯದ ಒಳಿತಿಗಾಗಿಯೇ ಇರಬೇಕು. ಮದೀನಾದ ದಕ್ಷಿಣದಲ್ಲಿರುವ ನಖೀಅ್ ಎಂಬ ಕಣಿವೆಯನ್ನು ಪ್ರವಾದಿವರ್ಯರು(ಸ) ಮುಸ್ಲಿಮರ ಕುದುರೆಗಳಿಗಾಗಿ ಹಿಮಾ ಎಂದು ಸಾರಿದರು. ಮದೀನಾದ ಇತಿಹಾಸಕಾರ ಸಮ್‌ಹೂದಿ (ಮರಣ 1506) ದಾಖಲಿಸಿರುವ ವರದಿಯೊಂದರಂತೆ, ಗಟ್ಟಿ ಕಂಠದ ವ್ಯಕ್ತಿಯೊಬ್ಬನು ಎತ್ತರದಲ್ಲಿ ನಿಂತು ಕೂಗಿದಾಗ ಅವನ ಧ್ವನಿ ತಲುಪಿದ ದೂರವನ್ನೇ ಅದರ ಎಲ್ಲೆಯಾಗಿ ಗೊತ್ತುಮಾಡಲಾಯಿತು. ನಾಯಿಯ ಬೊಗಳಿಕೆಯ ಜಾಗಕ್ಕೆ ಮನುಷ್ಯನ ಕರೆ ಬಂದಿತು. ಒಬ್ಬನ ಒಡೆತನದ ಜಾಗಕ್ಕೆ ಸರ್ವರ ಹಿತ ಬಂದಿತು.

ಇದಕ್ಕಿಂತ ವಿಶಾಲವಾದುದು ಪವಿತ್ರ ನಗರಗಳ ‘ಹರಮ್’ ವ್ಯವಸ್ಥೆ. ಮಕ್ಕಾದ ಹರಮ್‌ನೊಳಗೆ ತಾನಾಗಿ ಬೆಳೆದ ಮರವನ್ನು ಕಡಿಯುವುದು, ಬೇಟೆಯ ಪ್ರಾಣಿಯನ್ನು ಬೆದರಿಸಿ ಓಡಿಸುವುದು ನಿಷಿದ್ಧ. ಈ ನಿಷೇಧವನ್ನು ಘೋಷಿಸಿದಾಗ ಪ್ರವಾದಿ(ಸ)ರ ಚಿಕ್ಕಪ್ಪ ಅಬ್ಬಾಸ್(ರ)ರು ‘ಇದ್‌ಖಿರ್’ ಎಂಬ ಸುವಾಸನೆಯ ಹುಲ್ಲಿಗೆ ವಿನಾಯಿತಿ ಕೋರಿದರು. ಅದು ಕಮ್ಮಾರರ ಕುಲುಮೆಗೂ ಮನೆಯ ಮಾಡಿಗೂ ಗೋರಿಗೂ ಬೇಕಾಗಿತ್ತು. ಪ್ರವಾದಿವರ್ಯರು(ಸ) ಆ ಕ್ಷಣವೇ ವಿನಾಯಿತಿ ನೀಡಿದರು. ಈ ಸಣ್ಣ ಘಟನೆಯಲ್ಲಿ ದೊಡ್ಡ ತತ್ವವಿದೆ. ಜನರ ನಿತ್ಯದ ಅಗತ್ಯವನ್ನು ಕೇಳಿಸಿಕೊಳ್ಳದ ಸಂರಕ್ಷಣೆಯನ್ನು ಇಸ್ಲಾಮ್ ಬಯಸಲಿಲ್ಲ.

ಮದೀನಾವನ್ನೂ ಪ್ರವಾದಿ(ಸ)ರು ಹರಮ್ ಎಂದು ಘೋಷಿಸಿದರು. ಪೂರ್ವ ಮತ್ತು ಪಶ್ಚಿಮದಲ್ಲಿರುವ ಎರಡು ಕಪ್ಪು ಲಾವಾ ಬಯಲುಗಳು, ಉತ್ತರ ಮತ್ತು ದಕ್ಷಿಣದಲ್ಲಿರುವ ಸೌರ್ ಮತ್ತು ಐರ್ ಬೆಟ್ಟಗಳು ಅದರ ಎಲ್ಲೆಗಳು. ಒಂಟೆಗೆ ಮೇವು ಕೊಡುವಷ್ಟರ ಹೊರತು ಅಲ್ಲಿನ ಮರಗಳನ್ನು ಕಡಿಯುವಂತಿರಲಿಲ್ಲ. ಮದೀನಾದಲ್ಲಿ ಜಿಂಕೆಗಳು ಮೇಯುತ್ತಿರುವುದನ್ನು ಕಂಡರೂ ತಾನು ಅವುಗಳನ್ನು ಬೆದರಿಸಲಾರೆ ಎಂದು ಅಬೂಹುರೈರ(ರ)ರು ಹೇಳುತ್ತಿದ್ದರು.

ಘೋಷಣೆಯೊಂದೇ ಸಾಕಾಗಲಿಲ್ಲ, ಅದರ ಮೇಲೆ ಕಣ್ಣೂ ಇತ್ತು. ಸಅದ್ ಬಿನ್ ಅಬೀವಖ್ಖಾಸ್(ರ)ರು ಅಖೀಖ್ ಕಣಿವೆಯ ತಮ್ಮ ನಿವಾಸದತ್ತ ಹೋಗುತ್ತಿದ್ದಾಗ ಒಬ್ಬನು ಮರ ಕಡಿಯುತ್ತಿದ್ದುದನ್ನು ಕಂಡು ಅವನ ಬಳಿಯಿದ್ದುದನ್ನು ವಶಪಡಿಸಿಕೊಂಡರು. ಅವನ ಮನೆಯವರು ಬಂದು ಮರಳಿ ಕೇಳಿದಾಗ, ಅಲ್ಲಾಹನ ಸಂದೇಶವಾಹಕರು ತನಗೆ ಕೊಟ್ಟುದನ್ನು ಹಿಂದಿರುಗಿಸಲಾರೆ ಎಂದು ಖಡಾಖಂಡಿತವಾಗಿ ನಿರಾಕರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ವರದಿಯು, ಮರದ ಮೇಲಿನ ಕೊಡಲಿಪೆಟ್ಟಿಗೂ ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ಸಹಾಬಿಗಳು ಎಷ್ಟು ಗಂಭೀರವಾಗಿ ಪರಿಗಣಿಸಿದ್ದರೆಂಬುದನ್ನು ತೋರಿಸುತ್ತದೆ.

ಹುನೈಗೆ ದೊರೆತ ಆದೇಶ

ಖಲೀಫಾ ಉಮರ್(ರ)ರ ಆಡಳಿತಾವಧಿಯಲ್ಲಿ (ಕ್ರಿ.ಶ. 634–644) ರಾಜ್ಯ ಬೆಳೆಯಿತು, ಝಕಾತಿನ ಒಂಟೆಗಳು ಹೆಚ್ಚಿದವು. ಅವರು ಶರಫ್ ಮತ್ತು ರಬಝಾ ಎಂಬ ಪ್ರದೇಶಗಳನ್ನು ಹಿಮಾಗಳಾಗಿ ಮೀಸಲಿಟ್ಟರು. ಮುಂದೆ ಅಬೂದರ್ರ್ ಗಿಫಾರಿ(ರ)ರು ಕೊನೆಯುಸಿರೆಳೆದದ್ದು ಇದೇ ರಬಝಾದಲ್ಲಿ.

ಹಿಮಾದ ಮೇಲ್ವಿಚಾರಣೆಗೆ ಉಮರ್(ರ)ರು ಆರಿಸಿದ್ದು ಹುನೈ ಎಂಬ ವಿಮೋಚಿತ ಗುಲಾಮನನ್ನು. ಅವನಿಗೆ ಅವರು ಕೊಟ್ಟ ಸೂಚನೆಗಳು ಬುಖಾರಿಯಲ್ಲೂ ಇಮಾಮ್ ಮಾಲಿಕ್(ರಹ್)ರ ಮುವತ್ತದಲ್ಲೂ ದಾಖಲಾಗಿವೆ. ಅವುಗಳ ಸಾರ ಹೀಗಿದೆ: ಜನರೊಡನೆ ಮೃದುವಾಗಿರು. ಮರ್ದಿತನ ಪ್ರಾರ್ಥನೆಗೆ ಭಯಪಡು. ನಾಲ್ಕಾರು ಒಂಟೆ, ನಾಲ್ಕಾರು ಕುರಿಗಳಷ್ಟೇ ಇರುವವನನ್ನು ಒಳಗೆ ಬಿಡು. ಆದರೆ ಅಬ್ದುರ್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನ್‌ರ ಹಿಂಡುಗಳನ್ನು ಒಳಗೆ ಬಿಡಬೇಡ. ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನ ಜಾನುವಾರು ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬರುತ್ತಾನೆ. ಅಂದು ಚಿನ್ನ ಬೆಳ್ಳಿ ಕೊಡುವುದಕ್ಕಿಂತ ಇಂದು ನೀರು ಹುಲ್ಲು ಕೊಡುವುದು ನನಗೆ ಸುಲಭ.

ಇಲ್ಲಿ ಹೆಸರಿಸಲಾದ ಇಬ್ಬರೂ ಸ್ವರ್ಗದ ಸುವಾರ್ತೆ ಪಡೆದ ಮಹಾನ್ ಸಹಾಬಿಗಳು, ದಾನಧರ್ಮದಲ್ಲಿ ಅಗ್ರಗಣ್ಯರು. ಅವರ ಮೇಲೆ ಖಲೀಫರಿಗೆ ಅಪನಂಬಿಕೆಯಿರಲಿಲ್ಲ. ಹುಲ್ಲು ಸೀಮಿತವಾಗಿದ್ದಾಗ ಯಾರ ಪಾಲು ಮೊದಲು ಎಂಬುದಷ್ಟೇ ಪ್ರಶ್ನೆಯಾಗಿತ್ತು. ದೊಡ್ಡ ಹಿಂಡು ಒಂದೇ ದಿನದಲ್ಲಿ ಕಣಿವೆಯನ್ನು ಬೋಳಾಗಿಸಬಲ್ಲದು ಎಂಬ ಲೆಕ್ಕವೂ ಆ ಮಾತಿನಲ್ಲಿ ಅಡಗಿದೆ. ಅದಕ್ಕಿಂತ ಮುಖ್ಯವಾಗಿ, ಹಿಮಾ ಮಾಡುವ ಮೂಲಕ ತಾನು ಜನರಿಗೆ ಅನ್ಯಾಯ ಮಾಡಿದ್ದೇನೆಂದು ಅವರು ಭಾವಿಸುತ್ತಿದ್ದಾರೆ, ಅದು ಅವರದೇ ನಾಡು, ಅಲ್ಲಾಹನ ಮಾರ್ಗದಲ್ಲಿ ಬೇಕಾದ ಈ ಪ್ರಾಣಿಗಳಿಲ್ಲದಿರುತ್ತಿದ್ದರೆ ಒಂದು ಗೇಣು ನೆಲವನ್ನೂ ಮೀಸಲಿಡುತ್ತಿರಲಿಲ್ಲ ಎಂದು ಉಮರ್(ರ)ರು ಆಣೆಯಿಟ್ಟು ಹೇಳಿದರು. ಅರಣ್ಯದ ಅಂಚಿನ ಜನರ ಅಳಲನ್ನು ಆಳುವವನೇ ಬಾಯಿಬಿಟ್ಟು ಒಪ್ಪಿಕೊಂಡ ಇಂತಹ ಉದಾಹರಣೆ ಚರಿತ್ರೆಯಲ್ಲಿ ವಿರಳ.

ನಾಲ್ಕು ಷರತ್ತುಗಳು

ಮುಂದಿನ ಶತಮಾನಗಳಲ್ಲಿ ಧರ್ಮಶಾಸ್ತ್ರಜ್ಞರು ಇದನ್ನು ಕಾನೂನಾಗಿ ಕ್ರಮಬದ್ಧಗೊಳಿಸಿದರು. ಬಗ್ದಾದಿನ ನ್ಯಾಯಾಧೀಶ ಮಾವರ್ದಿ (ಮರಣ 1058) ತಮ್ಮ ‘ಅಲ್ ಅಹ್‌ಕಾಮುಸ್ಸುಲ್ತಾನಿಯ್ಯ’ ಗ್ರಂಥದಲ್ಲಿ ಹಿಮಾಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಪ್ರವಾದಿ(ಸ)ರ ನಂತರದ ಆಡಳಿತಗಾರರಿಗೆ ಹಿಮಾ ಮಾಡುವ ಅಧಿಕಾರವಿದೆಯೇ ಎಂಬ ಬಗ್ಗೆ ಶಾಫಿಈ ಮದ್ಸ್‌ಹಬ್‌ನಲ್ಲಿ ಚರ್ಚೆಯೇ ನಡೆಯಿತು. ಉಮರ್(ರ)ರ ನಡೆಯೇ ಸಮ್ಮತಿಯ ಪಕ್ಷಕ್ಕೆ ಆಧಾರವಾಯಿತು.

ಶಾಸ್ತ್ರಜ್ಞರ ಚರ್ಚೆಗಳ ಸಾರವನ್ನು ನಾಲ್ಕು ಷರತ್ತುಗಳಾಗಿ ಹೇಳಬಹುದು. ಒಂದು, ಹಿಮಾವನ್ನು ಅಧಿಕೃತ ಆಡಳಿತವೇ ಘೋಷಿಸಬೇಕು. ಎರಡು, ಅದರ ಉದ್ದೇಶ ಸಾರ್ವಜನಿಕ ಹಿತವಾಗಿರಬೇಕು. ಮೂರು, ಸ್ಥಳೀಯರ ಬದುಕಿಗೆ ಅಗತ್ಯವಾದುದನ್ನು ಕಸಿದುಕೊಂಡು ಅವರನ್ನು ಸಂಕಷ್ಟಕ್ಕೆ ತಳ್ಳಬಾರದು. ನಾಲ್ಕು, ಅದರಿಂದಾಗುವ ಲಾಭವು ಹಾನಿಗಿಂತ ಹೆಚ್ಚಾಗಿರಬೇಕು.

ಈ ನಾಲ್ಕನೆಯ ಷರತ್ತಿನ ಬಗ್ಗೆ ಸ್ವಲ್ಪ ಆಲೋಚಿಸೋಣ. ಲಾಭ ಹೆಚ್ಚೋ ಹಾನಿ ಹೆಚ್ಚೋ ಎಂದು ತಿಳಿಯುವುದು ಹೇಗೆ? ನೋಡಬೇಕು, ಎಣಿಸಬೇಕು, ಹೋಲಿಸಬೇಕು. ನಿನ್ನೆ ಇದ್ದ ಹಸಿರು ಇಂದು ಇದೆಯೇ, ಮೇಯಲು ಬಿಟ್ಟ ಮೂಲೆ ಮರಳಿ ಚಿಗುರಿತೇ ಎಂದು ಕೇಳುತ್ತಲೇ ಇರಬೇಕು. ಅಂದರೆ ನಿರಂತರ ನಿಗಾ ಎಂಬುದು ಹಿಮಾಕ್ಕೆ ಹೊರಗಿನಿಂದ ಸೇರಿಸಿದ ಅಲಂಕಾರವಲ್ಲ. ಅದು ಷರತ್ತಿನೊಳಗೇ ಇದೆ. ಲೆಕ್ಕವಿಲ್ಲದ ಹಿಮಾ ತನ್ನ ಸಮರ್ಥನೆಯನ್ನೇ ಕಳೆದುಕೊಳ್ಳುತ್ತದೆ.

ಮೂರು ಸಾವಿರದಿಂದ ಕೆಲವು ಹತ್ತಕ್ಕೆ

ತಾಯಿಫ್‌ನಿಂದ ಬಾಹಾ, ಅಸೀರ್‌ವರೆಗೆ ಹಬ್ಬಿರುವ ಸರವಾತ್ ಪರ್ವತಶ್ರೇಣಿಯ ಹಳ್ಳಿಗಳಲ್ಲಿ ಹಿಮಾಗಳು ಇಪ್ಪತ್ತನೆಯ ಶತಮಾನದವರೆಗೂ ಜೀವಂತವಾಗಿದ್ದವು. 1960ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಪರವಾಗಿ ಸೌದಿ ಅರೇಬಿಯದಲ್ಲಿ ಕೆಲಸ ಮಾಡಿದ ಈಜಿಪ್ಟಿನ ವಿಜ್ಞಾನಿ ಉಮರ್ ದರ್ರಾಝ್ ಅವುಗಳನ್ನು ಅಧ್ಯಯನ ಮಾಡಿ 1969ರಲ್ಲಿ ವರದಿ ಪ್ರಕಟಿಸಿದರು. ಅವರು ಕಂಡ ಹಿಮಾಗಳಲ್ಲಿ ಹಲವು ಬಗೆಗಳಿದ್ದವು. ಕೆಲವೆಡೆ ಮೇಯಿಸುವಂತಿಲ್ಲ, ಆದರೆ ಬರಗಾಲದಲ್ಲಿ ಹುಲ್ಲು ಕೊಯ್ಯಬಹುದು. ಕೆಲವೆಡೆ ನಿಗದಿತ ಋತುವಿನಲ್ಲಿ ಮಾತ್ರ ಮೇಯಿಸಬಹುದು. ಕೆಲವೆಡೆ ವರ್ಷವಿಡೀ ಮೇಯಿಸಬಹುದು, ಆದರೆ ಜಾನುವಾರುಗಳ ಸಂಖ್ಯೆಗೆ ಮಿತಿಯಿದೆ. ಇನ್ನು ಕೆಲವು ಜೇನಿಗಾಗಿ ಕಾಯ್ದಿಟ್ಟವು. ಹೂ ಬಿಡುವ ಕಾಲ ಮುಗಿಯುವವರೆಗೆ ಅಲ್ಲಿಗೆ ಕುರಿ ಆಡುಗಳಿಗೆ ಪ್ರವೇಶವಿಲ್ಲ. ಕೊನೆಯದಾಗಿ, ‘ಅರ್‌ಅರ್’ ಎಂದು ಕರೆಯಲಾಗುವ ಜುನಿಪರ್ ಮತ್ತು ಜಾಲಿ ಜಾತಿಯ ಮರಗಳ ಕಾಡುಗಳು. ಅಲ್ಲಿ ತೀರಾ ಅನಿವಾರ್ಯವಾದಾಗ ಮಾತ್ರ ಕೊಡಲಿ ಎತ್ತಬಹುದಿತ್ತು.

ಅಂದು ಇಂತಹ ಸುಮಾರು 3000 ಹಿಮಾಗಳಿದ್ದವೆಂದು ಅಂದಾಜಿಸಲಾಗಿತ್ತು. ಆದರೆ ಕುಸಿತ ಆಗಲೇ ಆರಂಭವಾಗಿತ್ತು. 1953ರ ರಾಜಾಜ್ಞೆಯೊಂದು ಗೋತ್ರಗಳ ಸ್ವಾಧೀನದಲ್ಲಿದ್ದ ಹುಲ್ಲುಗಾವಲುಗಳನ್ನು ಎಲ್ಲರಿಗೂ ಮುಕ್ತಗೊಳಿಸಿತ್ತು. ಯಾವುದೋ ಒಂದು ಗೋತ್ರಕ್ಕೆ ಮಾತ್ರ ಹಕ್ಕಿರುವುದು ಸರಿಯಲ್ಲ ಎಂಬ ಆಶಯ ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಹಕ್ಕಿನೊಡನೆ ಹೊಣೆಯೂ ಕಳಚಿತು, ಕಾಯುವವನು ಇಲ್ಲವಾದನು. ಅದೇ ಹೊತ್ತಿಗೆ ಲಾರಿಗಳು ಬಂದವು. ನೀರನ್ನೂ ಕುರಿಹಿಂಡುಗಳನ್ನೂ ಲಾರಿಯಲ್ಲಿ ಸಾಗಿಸಿ, ಮಳೆ ಬಿದ್ದ ಕಡೆಗೆ ಮೊದಲು ಧಾವಿಸಿದವನೇ ಹುಲ್ಲಿನ ಒಡೆಯನಾದನು. ಮುಂದೆ ಸಬ್ಸಿಡಿ ದರದ ಬಾರ್ಲಿಯಿಂದ ಹಿಂಡುಗಳು ನೆಲದ ತಾಳಿಕೆಯನ್ನು ಮೀರಿ ಬೆಳೆದವು. ಹುನೈ ಬಾಗಿಲಲ್ಲಿ ತಡೆಯಬೇಕಾಗಿದ್ದ ದೊಡ್ಡ ಹಿಂಡುಗಳೇ ಎಲ್ಲೆಡೆ ನುಗ್ಗಿದವು. 1980ರ ದಶಕದ ಸಮೀಕ್ಷೆಗಳ ಹೊತ್ತಿಗೆ ಗುರುತಿಸಲು ಸಾಧ್ಯವಾದದ್ದು ಕೆಲವು ಹತ್ತು ಹಿಮಾಗಳು ಮಾತ್ರ. ಸಾವಿರ ವರ್ಷ ಬಾಳಿದ ವ್ಯವಸ್ಥೆಯೊಂದು ಮೂರೇ ದಶಕಗಳಲ್ಲಿ ಕರಗಿತು.

ಆಕಾಶದ ಕಣ್ಣು

1972ರ ಜುಲೈ 23ರಂದು ಅಮೆರಿಕವು ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. ಅಂದಿನಿಂದ ಭೂಮಿಯ ಹಸಿರಿನ ಎಡೆಬಿಡದ ದಾಖಲೆ ನಮಗೆ ದೊರೆಯುತ್ತಿದೆ. ಇದು ಕೆಲಸ ಮಾಡುವ ಬಗೆ ಸರಳ. ಹಸಿರೆಲೆಯು ಸೂರ್ಯನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಅಳೆದರೆ ನೆಲದ ಮೇಲಿನ ಜೀವಂತ ಹಸಿರಿನ ಪ್ರಮಾಣ ತಿಳಿಯುತ್ತದೆ. 1980ರ ದಶಕದಿಂದ ಈ ಉಪಗ್ರಹಗಳ ಚಿತ್ರದ ಒಂದೊಂದು ಚುಕ್ಕೆಯೂ 30 ಮೀಟರ್ ಉದ್ದ, 30 ಮೀಟರ್ ಅಗಲದ ನೆಲವನ್ನು ಪ್ರತಿನಿಧಿಸುತ್ತದೆ; ನಮ್ಮ ಅಳತೆಯಲ್ಲಿ ಸುಮಾರು 9 ಗುಂಟೆ. ಹದಿನಾರು ದಿನಗಳಿಗೊಮ್ಮೆ ಉಪಗ್ರಹ ಅದೇ ಜಾಗಕ್ಕೆ ಮರಳುತ್ತದೆ. 2008ರಲ್ಲಿ ಈ ಚಿತ್ರಭಂಡಾರವನ್ನು ಎಲ್ಲರಿಗೂ ಉಚಿತವಾಗಿ ತೆರೆಯಲಾಯಿತು.

2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ಮತ್ತು ಸಂಗಡಿಗರು ಇದೇ ಚಿತ್ರಗಳಿಂದ ಇಡೀ ಭೂಗೋಳದ ಅರಣ್ಯ ನಕ್ಷೆ ರಚಿಸಿದರು. 2000ರಿಂದ 2012ರವರೆಗೆ ಜಗತ್ತು 23 ಲಕ್ಷ ಚದರ ಕಿಲೋಮೀಟರ್ ಅರಣ್ಯವನ್ನು ಕಳೆದುಕೊಂಡಿತ್ತು; ಮರಳಿ ಬೆಳೆದದ್ದು 8 ಲಕ್ಷ ಚದರ ಕಿಲೋಮೀಟರ್ ಮಾತ್ರ. ಅಳಿದ ಮೂರು ಪಾಲಿಗೆ ಮರಳಿದ್ದು ಸುಮಾರು ಒಂದು ಪಾಲು.

ಆದರೆ ಆಕಾಶದ ಕಣ್ಣಿಗೂ ಮಿತಿಯಿದೆ. ಕಾಡು ಕಡಿದದ್ದು ಒಂದೇ ಚಿತ್ರದಲ್ಲಿ ಕಾಣುತ್ತದೆ. ಮರಳಿ ಬೆಳೆಯುವುದು ಹತ್ತಾರು ವರ್ಷಗಳ ನಿಧಾನದ ಕೆಲಸವಾದ್ದರಿಂದ ಸುಲಭವಾಗಿ ಕಾಣುವುದಿಲ್ಲ. ಹಳೆಯ ಕಾಡೂ ಹೊಸ ನೆಡುತೋಪೂ ಮೇಲಿನಿಂದ ಒಂದೇ ಹಸಿರಾಗಿ ತೋರಬಹುದು. ನಮ್ಮ ದೇಶದಲ್ಲೂ 1987ರಿಂದ ವರದಿ ಪ್ರಕಟಿಸುತ್ತಿರುವ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು, ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇಕಡಾ 10ಕ್ಕಿಂತ ಹೆಚ್ಚು ಮರದ ಮೇಲ್ಛಾವಣಿಯಿರುವ ಯಾವುದೇ ನೆಲವನ್ನು ಅರಣ್ಯ ಹೊದಿಕೆ ಎಂದು ಎಣಿಸುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ನೆರಳುಮರಗಳೂ ಆ ಲೆಕ್ಕದೊಳಗೆ ಬರುತ್ತವೆ. ಅಂಕಿ ಸುಳ್ಳಲ್ಲ; ಆದರೆ ಅದನ್ನು ಓದುವವನಿಗೆ ನೆಲದ ಪರಿಚಯ ಬೇಕು.

ಬೇಲಿ ಕಲಿಸಿದ ಪಾಠ

ಸೌದಿ ಅರೇಬಿಯದಲ್ಲಿ 1986ರಲ್ಲಿ ವನ್ಯಜೀವಿ ಸಂರಕ್ಷಣೆಗಾಗಿ ರಾಷ್ಟ್ರೀಯ ಆಯೋಗ ಸ್ಥಾಪನೆಯಾಯಿತು. ಅಬ್‌ಹಾ ಸಮೀಪದ ರೈದಾ ಎಂಬ ಕಡಿದಾದ ಇಳಿಜಾರಿನ ಜುನಿಪರ್ ಕಾಡನ್ನು 1989ರಲ್ಲಿ ಸಂರಕ್ಷಿತ ಪ್ರದೇಶವಾಗಿ ಘೋಷಿಸಲಾಯಿತು. ಅಸೀರ್ ಬೆಟ್ಟಗಳಲ್ಲಿ ಜುನಿಪರ್ ಮರಗಳು ತುದಿಯಿಂದ ಒಣಗುತ್ತಾ ಬರುತ್ತಿರುವುದನ್ನು, ಅದರಲ್ಲೂ ತಗ್ಗಿನ ಪ್ರದೇಶಗಳಲ್ಲಿ ಹೆಚ್ಚಾಗಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕೊಡಲಿ ತಾಗದಿದ್ದರೂ ಕಾಡು ಅಳಿಯಬಹುದು ಎಂಬುದು ಅಲ್ಲಿ ಕಂಡ ಸತ್ಯ.

ತಾಯಿಫ್‌ನ ಈಶಾನ್ಯಕ್ಕಿರುವ ಮಹಾಝತುಸ್ಸೈದ್ ಎಂಬ ಸುಮಾರು 2200 ಚದರ ಕಿಲೋಮೀಟರ್ ಬಯಲಿನ ಕಥೆ ಇನ್ನೂ ಬೋಧಪ್ರದ. ಅತಿಯಾದ ಮೇಯಿಸುವಿಕೆಯಿಂದ ಬರಡಾಗಿದ್ದ ಆ ನೆಲಕ್ಕೆ 1989ರಲ್ಲಿ ಬೇಲಿ ಹಾಕಲಾಯಿತು. ಜಾನುವಾರು ಹೊರಬಿದ್ದೊಡನೆ ಹುಲ್ಲು, ಪೊದೆಗಳು ಮರಳಿ ತಲೆಯೆತ್ತಿದವು. 1972ರಲ್ಲಿ ಕಾಡಿನಿಂದ ಸಂಪೂರ್ಣ ಕಣ್ಮರೆಯಾಗಿದ್ದ ಅರೇಬಿಯನ್ ಓರಿಕ್ಸ್ ಎಂಬ ಬಿಳಿ ಚಿಗರೆಯನ್ನು 1990ರಿಂದ ಅಲ್ಲಿ ಬಿಡಲಾಯಿತು. ಅದು ಚೆನ್ನಾಗಿ ವೃದ್ಧಿಸಿತು. ಆದರೆ 1999ರ ನಂತರದ ಒಣ ವರ್ಷಗಳ ಬೇಸಿಗೆಯಲ್ಲಿ ಅದೇ ಬೇಲಿಯೊಳಗೆ ಓರಿಕ್ಸ್‌ಗಳೂ ಮರಳುಜಿಂಕೆಗಳೂ ನೂರಾರು ಸಂಖ್ಯೆಯಲ್ಲಿ ಸತ್ತವು. ಬೇಲಿಯಿಲ್ಲದ ಕಾಲದಲ್ಲಿ ಅವು ಮಳೆ ಬಿದ್ದ ಕಡೆಗೆ ವಲಸೆ ಹೋಗುತ್ತಿದ್ದವು. ಈಗ ಅವುಗಳನ್ನು ರಕ್ಷಿಸಬೇಕಾದ ಬೇಲಿಯೇ ಅವುಗಳ ದಾರಿಯನ್ನು ಕಟ್ಟಿತ್ತು. ಸಸ್ಯ ಮತ್ತು ಪ್ರಾಣಿಗಳ ಎಣಿಕೆ ವರ್ಷ ವರ್ಷವೂ ನಡೆಯುತ್ತಿದ್ದುದರಿಂದಲೇ ಈ ತೊಡಕು ಬೆಳಕಿಗೆ ಬಂದಿತು. ಶಾಸ್ತ್ರಜ್ಞರ ನಾಲ್ಕನೆಯ ಷರತ್ತಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕೇ? ಬೇಲಿ ಹಾಕಿ ಮರೆತುಬಿಡುವುದು ಸಂರಕ್ಷಣೆಯಲ್ಲ.

ಮರಳಿ ಚಿಗುರಿದ ಹಿಮಾ

ದರ್ರಾಝ್ ತಮ್ಮ ಅನುಭವವನ್ನು ಸಿರಿಯಾಕ್ಕೆ ಕೊಂಡೊಯ್ದು ಅಲ್ಲಿನ ಕುರಿಗಾಹಿಗಳ ಸಹಕಾರ ಸಂಘಗಳ ಮೂಲಕ ಹಿಮಾವನ್ನು ಮತ್ತೆ ಕಟ್ಟಲು ಶ್ರಮಿಸಿದರು. 1983ರಲ್ಲಿ ಸೌದಿ ವಿದ್ವಾಂಸರು ಸಿದ್ಧಪಡಿಸಿದ, ಪ್ರಕೃತಿ ಸಂರಕ್ಷಣೆಯ ಇಸ್ಲಾಮೀ ತತ್ವಗಳ ಕುರಿತ ಕೃತಿಯನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಪ್ರಕಟಿಸಿತು. ಲೆಬನಾನ್‌ನಲ್ಲಿ 2004ರಿಂದ ಪ್ರಕೃತಿ ಸಂರಕ್ಷಣಾ ಸಂಘವೊಂದು ಸ್ಥಳೀಯ ಪುರಸಭೆಗಳ ಜೊತೆ ಸೇರಿ ಇಬಿಲುಸ್ಸಖೀ ಗ್ರಾಮದಿಂದ ಆರಂಭಿಸಿ ಹಲವು ಹಿಮಾಗಳನ್ನು ಸ್ಥಾಪಿಸಿದೆ. ಮುಸ್ಲಿಮರೂ ಕ್ರೈಸ್ತರೂ ದುರೂಝ್‌ಗಳೂ ಬಾಳುವ ಆ ನಾಡಿನಲ್ಲಿ ಈ ಹಳೆಯ ಪದ ಎಲ್ಲರಿಗೂ ತಮ್ಮದೆನಿಸಿದೆ. ಇಂಡೋನೇಷ್ಯದ ಉಲಮಾ ಮಂಡಳಿಯು 2014ರಲ್ಲಿ ವನ್ಯಜೀವಿಗಳ ಬೇಟೆಯ ವಿರುದ್ಧ, 2016ರಲ್ಲಿ ಕಾಡಿಗೆ ಬೆಂಕಿಯಿಡುವುದರ ವಿರುದ್ಧ ಫತ್ವಾ ನೀಡಿತು.

ಈ ಚರಿತ್ರೆ ನಮ್ಮಿಂದ ಏನನ್ನು ಬಯಸುತ್ತದೆ? ಉಮ್ರಾಕ್ಕೆ ಹೋದಾಗ ಹರಮ್‌ನ ಎಲ್ಲೆಯ ಫಲಕ ಕಂಡರೆ ಅದು ಮರಕ್ಕೂ ಹಕ್ಕಿಗೂ ಅಭಯ ನೀಡಿದ ಗಡಿ ಎಂದು ಮಕ್ಕಳಿಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ನಮ್ಮ ಕೈಯಳತೆಯಲ್ಲಿರುವ ನೆಲವನ್ನು ನೋಡಬೇಕು. ನಮ್ಮ ಖಬರಸ್ತಾನಗಳಲ್ಲಿ, ಮಸೀದಿ ಮತ್ತು ಮದ್ರಸಗಳ ಆವರಣದಲ್ಲಿ, ವಕ್ಫ್ ಜಮೀನುಗಳಲ್ಲಿ ಹಳೆಯ ಮರಗಳಿವೆ. ಅವು ಎಷ್ಟಿವೆ, ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಉರುಳಿದವು, ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿದವು ಎಂದು ಕೇಳಿದರೆ ಎಷ್ಟು ಜಮಾಅತ್‌ಗಳ ಬಳಿ ಉತ್ತರವಿದೆ? ಪರಿಸರ ದಿನದಂದು ಸಸಿ ನೆಡುವ ಚಿತ್ರಗಳು ಬಹಳ. ಮುಂದಿನ ಬೇಸಿಗೆಯಲ್ಲಿ ಅದಕ್ಕೆ ನೀರೆರೆದವರ ಹೆಸರು ವಿರಳ. ಲೆಕ್ಕಪುಸ್ತಕದಲ್ಲಿ ಚಂದಾ ಹಣಕ್ಕೆ ಒಂದು ಪುಟವಿರುವಂತೆ ಮರಗಳಿಗೂ ಒಂದು ಪುಟವಿರಲಿ. ಮದ್ರಸದ ಮಕ್ಕಳೇ ವರ್ಷಕ್ಕೊಮ್ಮೆ ಎಣಿಸಿ ಬರೆಯಲಿ. ಅದಕ್ಕೆ ಉಪಗ್ರಹ ಬೇಕಿಲ್ಲ. ಒಬ್ಬ ಹುನೈ ಸಾಕು.

ಭೂಮಿಯ ಮೇಲೆ ಮನುಷ್ಯನು ಪ್ರತಿನಿಧಿಯೇ ಹೊರತು ಒಡೆಯನಲ್ಲ ಎಂಬುದು ನಮ್ಮ ವಿಶ್ವಾಸ. ಪ್ರತಿನಿಧಿಯಾದವನು ತನ್ನ ವಶಕ್ಕೆ ಬಂದುದರ ಲೆಕ್ಕ ಒಪ್ಪಿಸಲೇಬೇಕು. ಮರ್ದಿತನ ಪ್ರಾರ್ಥನೆಗೆ ಭಯಪಡುತ್ತಾ ಹುಲ್ಲಿನ ಎಸಳನ್ನೂ ಕಾಯ್ದ ಆ ಪೂರ್ವಿಕರ ಎಚ್ಚರವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.